ಗುಜರಿ ಕಂಪ್ಯೂಟರಿನ ಹಾಡು

ಗೆಳೆಯರೇ, ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯ ಮೂಲೆಯಲ್ಲಿ ದೂಳು ಹಿಡಿದು ಕೂತಿರುವ ಆರು ಹಳೇ ಕಂಪ್ಯೂಟರುಗಳನ್ನು ನೀವೆಲ್ಲ ನೋಡಿದ್ದೀರಿ. ಈ ತಿಂಗಳ ಕೊನೆಗೆ ಅವು ಗುಜರಿಗೆ ಹೋಗುತ್ತವಂತೆ. ಅದಕ್ಕೆ ಮುಂಚೆ ಒಂದು ಸೋಜಿಗದ ಸಂಗತಿ ಹೇಳಲೇಬೇಕು. ಅವಕ್ಕೆ ಹಾಡಲಿಕ್ಕೆ ಬರುತ್ತದೆ!

ನಗಬೇಡಿ. ಪೋಲೆಂಡ್ ದೇಶದಲ್ಲಿ ಪಾವೆಲ್ ಜದ್ರೋಜ್ನಿಯಾಕ್ ಎಂಬ ಇಂಜಿನಿಯರು ಇದ್ದಾರೆ. ಅವರು 2011ರಲ್ಲಿ ಎರಡು ಫ್ಲಾಪಿ ಡ್ರೈವುಗಳಿಂದ ಒಂದು ಸಿನಿಮಾ ಸಂಗೀತ ನುಡಿಸಿದರು. 2016ರಲ್ಲಿ 64 ಫ್ಲಾಪಿ ಡ್ರೈವು, 8 ಹಾರ್ಡ್ ಡಿಸ್ಕು, 2 ಸ್ಕ್ಯಾನರು ಸೇರಿಸಿ ದೊಡ್ಡ ವಾದ್ಯವನ್ನೇ ಕಟ್ಟಿದರು. ಅದರ ಹೆಸರು ಫ್ಲಾಪೋಟ್ರಾನ್. 2022ರಲ್ಲಿ ಡ್ರೈವುಗಳು 512 ಆದವು! ಸ್ವರ ಜೋರಾಗಬೇಕಾದರೆ ಹೆಚ್ಚು ಡ್ರೈವು ಒಟ್ಟಿಗೆ ದನಿಗೂಡಿಸುತ್ತವೆ, ಮೆಲ್ಲಗಾಗಬೇಕಾದರೆ ಕೆಲವೇ. ನಮ್ಮೂರ ಭಜನೆಯಲ್ಲೂ ಹಾಗೇ ಅಲ್ಲವೇ?

ಫ್ಲಾಪಿ ಅಂದರೆ ಅಂಗೈಯಗಲದ ಚೌಕ ತಟ್ಟೆ. ಅದರಲ್ಲಿ 1.44 ಎಂಬಿ ಮಾತ್ರ ಹಿಡಿಸುತ್ತಿತ್ತು. ಅದನ್ನು ಓದುವ ಡ್ರೈವಿನೊಳಗೆ ಒಂದು ಪುಟ್ಟ ಮೋಟಾರು, ಓದುವ ತಲೆಯನ್ನು ಒಂದೊಂದೇ ಹೆಜ್ಜೆ ಸರಿಸುತ್ತದೆ. ಪ್ರತಿ ಹೆಜ್ಜೆಗೂ 'ಟಿಕ್' ಅನ್ನುತ್ತದೆ. ಶಾಲೆ ಗೇಟಿನ ಸರಳುಗಳ ಮೇಲೆ ಕೋಲು ಎಳೆದು ನೋಡಿ. ನಿಧಾನಕ್ಕೆ ಎಳೆದರೆ ಟಕ್ ಟಕ್, ಓಡುತ್ತಾ ಎಳೆದರೆ ಒಂದೇ 'ಗರ್‍ರ್' ದನಿ. ಇದೂ ಹಾಗೆಯೇ. ಸೆಕೆಂಡಿಗೆ 200 ಹೆಜ್ಜೆ ಹಾಕಿಸಿದರೆ ಟಿಕ್‌ಗಳೆಲ್ಲ ಕೂಡಿ ಸ್ವರವಾಗುತ್ತದೆ. ಆದರೆ ತಲೆಗೆ ಓಡಾಡಲು ಇರುವುದು 80 ಹೆಜ್ಜೆಯ ಜಾಗ. ಅರ್ಧ ಸೆಕೆಂಡಿನೊಳಗೆ ಗೋಡೆ ಸಿಗುತ್ತದೆ, ಹಿಂದಕ್ಕೆ ತಿರುಗಿಸುತ್ತಲೇ ಇರಬೇಕು.

ಹೆಡ್‌ಮಾಸ್ತರರು ಒಂದು ಡ್ರೈವು ಬಿಚ್ಚಲು ಒಪ್ಪಿದರು. ಅದರ ಹಿಂದೆ 34 ಪಿನ್ನುಗಳಿವೆ. 12ನೆಯದು ಡ್ರೈವನ್ನು ಎಬ್ಬಿಸುತ್ತದೆ, 18ನೆಯದು ದಿಕ್ಕು, 20ನೆಯದು ಹೆಜ್ಜೆ. ವಿಜ್ಞಾನದ ಮೇಷ್ಟ್ರ ಆರ್ಡುಯಿನೋ ಬೋರ್ಡಿಗೆ ತಂತಿ ಸೇರಿಸಿ, 200ಕ್ಕೆ ಸ, 300ಕ್ಕೆ ಪ ಇಟ್ಟೆ. ನುಡಿಯಿತು!

ಮನೆಗೆ ಒಯ್ದು ತಾತನಿಗೆ ಕೇಳಿಸಿದೆ. ನಮ್ಮ ತಾತ ಭಜನೆ ಮನೆಯಲ್ಲಿ ಹಾರ್ಮೋನಿಯಂ ನುಡಿಸುವುದು ನಿಮಗೆ ಗೊತ್ತು. "ಏನ್ಲಾ ಇದು, ಕಣಜದ ಹುಳ ಹೊಕ್ಕಂಗೈತೆ" ಅಂದರು. ಆದರೂ ಪೆಟ್ಟಿಗೆ ತೆಗೆದು ಹುಡುಕಿದರು. "ನಿನ್ ಸ ನನ್ ಬಿಳಿ ಮನೆಗೂ ಇಲ್ಲ, ಕರಿ ಮನೆಗೂ ಇಲ್ಲ, ನಡುವೆ ಬಿದ್ದೈತೆ." 196ಕ್ಕೆ ಇಳಿಸಿದೆ, ಪ 294 ಮಾಡಿದೆ. ಶ್ರುತಿ ಸೇರಿತು. ತಾತನ ಕಿವಿ ಎಷ್ಟು ಸೂಕ್ಷ್ಮ ನೋಡಿ.

"ಶ್ರುತಿ ಸೇರ್ತು, ಜೀವ ಎಲ್ಲೈತೆ? ಗಮಕ ಎಲ್ಲೈತೆ?" ಅಂದರು. ಆಗ ನಾನು 196ರಿಂದ 294ರವರೆಗೆ ಹೆಜ್ಜೆಯ ವೇಗವನ್ನು ಸ್ವಲ್ಪಸ್ವಲ್ಪವೇ ಏರಿಸಿದೆ. ದನಿ ಎಲ್ಲೂ ಕಡಿಯದೆ ಸ ಇಂದ ಪ ವರೆಗೆ ಜಾರಿಕೊಂಡು ಹೋಯಿತು. ತಾತ ಇನ್ನೊಂದ್ಸಲ ಮಾಡು ಅಂದರು. ಮತ್ತೂ ಒಂದ್ಸಲ. ಆಮೇಲೆ ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಇದು ನನ್ ಪೆಟ್ಗೆಗೆ ಬರಾಕಿಲ್ಲ ಕಣೋ" ಅಂದರು. ಐವತ್ತು ವರ್ಷ ನುಡಿಸಿದವರು ಹಾಗಂದದ್ದು ನನಗೆ ಸಂತೋಷವೂ ಆಯಿತು, ಒಂಥರಾ ಸಂಕಟವೂ ಆಯಿತು. ಹಾರ್ಮೋನಿಯಂನಲ್ಲಿ ಮನೆಯಿಂದ ಮನೆಗೆ ನೆಗೆಯಬೇಕೇ ಹೊರತು ಜಾರಲಾಗದು. ಆದರೆ ತಾತನ ಬೆರಳು ಆ ನೆಗೆತದಲ್ಲೂ ಏನೋ ಮಾಡುತ್ತದೆ, ಅದು ಡ್ರೈವಿಗೆ ಬರುವುದಿಲ್ಲ.

ಒಂದೇ ಡ್ರೈವಿನಲ್ಲಿ ಸ ಮತ್ತು ಪ ಒಟ್ಟಿಗೆ ನುಡಿಯದು. ಉಳಿದ ಐದನ್ನೂ ಗುಜರಿಯವರು ಬರುವ ಮೊದಲು ಬಿಚ್ಚಿಕೊಳ್ಳಲು ಅಪ್ಪಣೆ ಸಿಕ್ಕಿದೆ. ಶನಿವಾರ ಶಾಲೆ ಬಿಟ್ಟ ಮೇಲೆ ಸ್ಕ್ರೂಡ್ರೈವರ್ ಇರುವವರು ಬನ್ನಿ. ದಪ್ಪ ಮಾನಿಟರನ್ನೂ ಪವರ್ ಸಪ್ಲೈ ಡಬ್ಬಿಯನ್ನೂ ಮಾತ್ರ ಯಾರೂ ಬಿಚ್ಚಬಾರದು, ವೈರು ಕಿತ್ತ ಮೇಲೂ ಶಾಕ್ ಹೊಡೆಯುತ್ತವೆ. ಮನೆಯಲ್ಲಿ ಕೆಟ್ಟ ಸ್ಕ್ಯಾನರು ಇದ್ದರೆ ಅದನ್ನೂ ತನ್ನಿ. ಮುಂದಿನ ಭಜನೆಗೆ ಎರಡು ಡ್ರೈವು ತರಲು ತಾತ ಒಪ್ಪಿದ್ದಾರೆ, ಶ್ರುತಿ ಹಿಡಿಯಲಿಕ್ಕೆ ಮಾತ್ರವಂತೆ.