ಚಿತ್ರಕ್ಕೆ ಸಿಗದ ಸುಗ್ಗಿ

ಅಮೆರಿಕದ ದಕ್ಷಿಣದಲ್ಲಿರುವ ಲೂಯಿಸಿಯಾನಾ ರಾಜ್ಯಕ್ಕೆ ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಬರುವವರು ಬಹಳ ಮಂದಿ. ಹಾದಿ ಬಲ್ಲ ಒಬ್ಬ ಮಾರ್ಗದರ್ಶಿ, ಅವನ ಹಿಂದೆ ಎಂಟು ಹತ್ತು ಜನ ಹವ್ಯಾಸಿ ಛಾಯಾಗ್ರಾಹಕರು. ಬೆಳಗ್ಗೆ ಜೌಗಿನಲ್ಲಿ ದೋಣಿ ಸಂಚಾರ, ಸಂಜೆಗೆ ಮಿಸಿಸಿಪಿ ನದಿಯ ದಂಡೆಯ ಹಳೆಯ ಬಂಗಲೆಗಳ ದರ್ಶನ. ಪ್ರವಾಸದ ಪಟ್ಟಿಯಲ್ಲಿ ಇವು ಎರಡು ಬೇರೆ ಬೇರೆ ಬಾಬತ್ತುಗಳು. ನಿಜದಲ್ಲಿ ಒಂದೇ ಕಥೆಯ ಎರಡು ಅಧ್ಯಾಯಗಳು.

ಮೊದಲು ಜೌಗನ್ನು ನೋಡೋಣ. ಸೂರ್ಯ ಹುಟ್ಟುವ ಮುಂಚೆಯೇ ದೋಣಿ ಹೊರಡುತ್ತದೆ. ರಾತ್ರಿ ಗಾಳಿ ತಣ್ಣಗಾಗಿದ್ದರೂ ನೀರು ಬೇಗ ಶಾಖ ಬಿಟ್ಟುಕೊಡುವುದಿಲ್ಲ. ಅದರಿಂದ ಏಳುವ ಆವಿ ತಣ್ಣನೆಯ ಗಾಳಿಯಲ್ಲಿ ಮಂಜಾಗಿ ನಿಲ್ಲುತ್ತದೆ. ಆ ಮಂಜಿನ ನಡುವೆ ಕೆಂಗಂದು ಬಣ್ಣದ ಎತ್ತರದ ಮರಗಳು. ಇವೇ ಬೋಳು ಸೈಪ್ರಸ್. ಸೂಜಿ ಎಲೆಯ ಮರಗಳು ಸದಾ ಹಸಿರು ಎಂದು ಶಾಲೆಯ ಮಕ್ಕಳು ಓದುತ್ತಾರಲ್ಲವೆ? ಈ ಮರ ಆ ಮಾತಿಗೆ ಅಪವಾದ. ಶರತ್ಕಾಲದಲ್ಲಿ ಇದು ಎಲೆ ಕೆಂಪಾಗಿಸಿಕೊಂಡು ಉದುರಿಸಿ ಬೋಳಾಗುತ್ತದೆ. ಹೆಸರು ಬಂದದ್ದೇ ಹಾಗೆ. ಬುಡದ ಸುತ್ತ ನೀರಿನಿಂದ ಮೇಲೆದ್ದ ಬೇರಿನ 'ಮಂಡಿ'ಗಳು ಯಾವ ಕೆಲಸಕ್ಕಾಗಿ ಎಂಬ ವಿಚಾರದಲ್ಲಿ ವಿಜ್ಞಾನಿಗಳು ಇನ್ನೂ ಒಮ್ಮತಕ್ಕೆ ಬಂದಿಲ್ಲ.

ಕೊಂಬೆಗಳಿಂದ ಬೂದು ಬಣ್ಣದ ಗಡ್ಡದಂತೆ ಇಳಿಬಿದ್ದಿರುವುದಕ್ಕೆ ಸ್ಪ್ಯಾನಿಷ್ ಮಾಸ್ ಎಂದು ಹೆಸರು. ಅದು ಪಾಚಿಯೂ ಅಲ್ಲ, ಸ್ಪೇನಿನದೂ ಅಲ್ಲ. ಅನಾನಸಿನ ಕುಟುಂಬಕ್ಕೆ ಸೇರಿದ, ಹೂ ಬಿಡುವ ಸಸ್ಯ. ಮರದಿಂದ ಆಹಾರ ಕದಿಯುವುದಿಲ್ಲ. ಕೊಂಬೆಯ ಆಸರೆ ಪಡೆದು ಮಳೆ, ಮಂಜು, ಗಾಳಿಯ ಧೂಳಿನಿಂದ ಜೀವ ಹಿಡಿಯುತ್ತದೆ. ಕೊಳೆತ ಎಲೆಗಳ ಟ್ಯಾನಿನ್ ಬೆರೆತ ನೀರು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಗಿರುತ್ತದೆ. ತಳ ಕಾಣದ, ಅಲೆಯಿಲ್ಲದ ಅಂಥ ನೀರಿಗಿಂತ ಒಳ್ಳೆಯ ಕನ್ನಡಿ ಬೇಕೆ? ಮರ ಮೇಲೊಂದು, ಕೆಳಗೊಂದು.

ಇಷ್ಟಕ್ಕೆ ಚಿತ್ರ ಸಿದ್ಧ. ಆದರೆ ಬಲ್ಲ ಮಾರ್ಗದರ್ಶಿ ಇನ್ನೊಂದನ್ನೂ ತೋರಿಸುತ್ತಾನೆ: ನೀರಿನಲ್ಲಿ ಅಲ್ಲಲ್ಲಿ ನಿಂತಿರುವ ಭಾರಿ ಮೋಟುಗಳು. ಸೈಪ್ರಸ್ಸಿನ ಚೇಗು ಸುಲಭವಾಗಿ ಕೊಳೆಯುವುದಿಲ್ಲ. ಆ ಗುಣವೇ ಮರಕ್ಕೆ ಮುಳುವಾಯಿತು. 1880ರ ದಶಕದಿಂದ ಮುಂದಿನ ಸುಮಾರು 50 ವರ್ಷಗಳಲ್ಲಿ ಕಂಪೆನಿಗಳು ಹಳೆಯ ಕಾಡನ್ನು ಬಹುಪಾಲು ಕಡಿದು ಮುಗಿಸಿದವು. ಇಂದು 'ಆದಿಕಾಲದ ಕಾಡು' ಎಂದು ಕ್ಯಾಮೆರಾ ಹಿಡಿಯುವುದರಲ್ಲಿ ಹೆಚ್ಚಿನದು ಆಮೇಲೆ ಬೆಳೆದದ್ದು.

ಇನ್ನು ಬಂಗಲೆಗಳು. ವೇಶರಿ ಎಂಬಲ್ಲಿನ 'ಓಕ್ ಆಲಿ' ಇವುಗಳಲ್ಲಿ ಬಹಳ ಪ್ರಸಿದ್ಧ. ನದಿಯ ಕಡೆಯಿಂದ ಬಾಗಿಲವರೆಗೆ ಎರಡು ಸಾಲಿನಲ್ಲಿ 28 ಓಕ್ ಮರಗಳು, ಕೊನೆಯಲ್ಲಿ ಬಿಳಿಯ ಕಂಬಗಳ ಮನೆ. ಈ ಜಾತಿಯ ಓಕ್ ಶರತ್ಕಾಲದಲ್ಲೂ ಹಸಿರಾಗಿಯೇ ಇರುತ್ತದೆ. ಮನೆ ಪೂರ್ತಿಯಾದದ್ದು 1839ರಲ್ಲಿ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ದಾಗೇರನ ಛಾಯಾಚಿತ್ರ ವಿಧಾನವನ್ನು ಜಗತ್ತಿಗೆ ಪ್ರಕಟಿಸಲಾಯಿತು. ಈ ಮನೆಗೂ ಕ್ಯಾಮೆರಾಕ್ಕೂ ಒಂದೇ ವಯಸ್ಸು ಎನ್ನಿ.

ಈ ಮನೆಗಳು ಎದ್ದದ್ದು ಕಬ್ಬಿನ ಹಣದಿಂದ. ಕಬ್ಬು ಬೆಳೆದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು, ಮೊಮ್ಮಕ್ಕಳು. ಇಲ್ಲೇ ಋತುವಿನ ಮಾತು ಬರುತ್ತದೆ. ಲೂಯಿಸಿಯಾನಾದಲ್ಲಿ ಚಳಿಗಾಲದ ಹಿಮ ಬಿದ್ದರೆ ಕಬ್ಬು ಕೆಡುತ್ತದೆ. ಕಡಿದ ಕಬ್ಬನ್ನು ಹಾಗೆಯೇ ಬಿಟ್ಟರೆ ರಸದಲ್ಲಿನ ಸಕ್ಕರೆ ಇಳಿಯುತ್ತದೆ. ಆದ್ದರಿಂದ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಗಲು ರಾತ್ರಿ ಕಡಿತ, ಅರೆತ, ಕುದಿತ. ಆಲೆಮನೆ ಕಂಡವರಿಗೆ ಆ ಬಿಸಿ ಗೊತ್ತು. ಸಾಲಾಗಿ ಇಟ್ಟ ಕಬ್ಬಿಣದ ಕೊಪ್ಪರಿಗೆಗಳಲ್ಲಿ ಕುದಿಯುವ ರಸವನ್ನು ದೊಡ್ಡದರಿಂದ ಚಿಕ್ಕದಕ್ಕೆ ತೋಡಿ ಸುರಿಯುತ್ತ ರಾತ್ರಿ ಕಳೆಯಬೇಕಿತ್ತು. ಸುಟ್ಟುಕೊಂಡವರು, ಗಾಣಕ್ಕೆ ಕೈ ಸಿಕ್ಕಿಕೊಂಡವರು ಎಷ್ಟೋ ಮಂದಿ. ಒಲೆಗೆ ಬೇಕಾದ ರಾಶಿ ರಾಶಿ ಸೌದೆಯನ್ನೂ ಅವರೇ ಮನೆಯ ಹಿಂದಿನ ಜೌಗಿನಿಂದ ಕಡಿದು ತರಬೇಕು. ಇಂದು ಕ್ಯಾಮೆರಾಕ್ಕೆ ಅತಿ ಸೊಗಸಾದ ಋತು ಅಂದು ಮೈಗೆ ಅತಿ ಕಠಿಣವಾದ ಋತು.

ಆ ಕೊಪ್ಪರಿಗೆಗಳು ಈಗಲೂ ಇವೆ. ಕೆಲವು ತೋಟಗಳಲ್ಲಿ ನೀರು ತುಂಬಿ ನೈದಿಲೆ ಬೆಳೆಸಿದ್ದಾರೆ. ಚಿತ್ರಕ್ಕೆ ಬಹಳ ಚೆನ್ನಾಗಿ ಬರುತ್ತವೆ.

ಬೆಳಗ್ಗೆ ಕಂಡ ಜೌಗು ಈಗ ಬೇರೆಯಾಗಿ ಕಾಣುತ್ತದೆ. ಅದು ಸೌದೆಯ ಕಾಡು ಮಾತ್ರವಲ್ಲ, ಅಡಗುದಾಣವೂ ಆಗಿತ್ತು. ತಪ್ಪಿಸಿಕೊಂಡ ಗುಲಾಮರು ಸೈಪ್ರಸ್ ಮರಗಳ ನಡುವೆ ಬೀಡುಬಿಟ್ಟು ಬದುಕಿದರು. ಅಂಥವರ ನಾಯಕನಾಗಿದ್ದ ಹುವಾನ್ ಸಾನ್ ಮಾಲೊನನ್ನು 1784ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಗಲ್ಲಿಗೇರಿಸಲಾಯಿತು. ಛಾಯಾಗ್ರಾಹಕ ಮೆಚ್ಚುವ ಮಂಜು, ಕಪ್ಪು ನೀರು, ದಾರಿ ತಪ್ಪಿಸುವ ಮರಗಳು ಅವರಿಗೆ ಗೋಡೆಯಾಗಿ ನಿಂತಿದ್ದವು.

ಓಕ್ ಆಲಿಯಲ್ಲಿ ಆಂಟೊಯ್ನ್ ಎಂಬ ಗುಲಾಮ ತೋಟಗಾರನಿದ್ದ. ಪೆಕನ್ ಎಂಬುದು ಅಕ್ರೋಟಿನ ಸಂಬಂಧಿ. ಬೀಜದಿಂದ ಬೆಳೆಸಿದರೆ ಗಿಡಕ್ಕೊಂದು ಥರದ ಕಾಯಿ. ಒಳ್ಳೆಯ ಮರದ ಗುಣ ಹಾಗೆಯೇ ಉಳಿಯಬೇಕಾದರೆ ಕಸಿ ಕಟ್ಟಬೇಕು. ಅದು ಸುಲಭದ ಕೆಲಸವಲ್ಲ. 1840ರ ದಶಕದಲ್ಲಿ ಆಂಟೊಯ್ನ್ ಅದನ್ನು ಸಾಧಿಸಿದ. ಅವನ ಕಸಿಯ ತಳಿ 1876ರಲ್ಲಿ ಫಿಲಡೆಲ್ಫಿಯಾದ ಶತಮಾನೋತ್ಸವ ಪ್ರದರ್ಶನದಲ್ಲಿ ಮನ್ನಣೆ ಪಡೆದು 'ಸೆಂಟೆನಿಯಲ್' ಎಂದು ಹೆಸರಾಯಿತು. ತಳಿಯ ಹೆಸರಿನಲ್ಲಿ ಕಸಿ ಕಟ್ಟಿದವನ ಹೆಸರು ಸೇರಲಿಲ್ಲ. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ಕೊನೆಗೊಂಡದ್ದು 1865ರಲ್ಲಿ.

ಬಹಳ ಕಾಲ ಬಂಗಲೆ ತೋರಿಸುವವರು ಪೀಠೋಪಕರಣ, ಪಿಂಗಾಣಿಗಳನ್ನು ವರ್ಣಿಸಿ ಮುಗಿಸುತ್ತಿದ್ದರು. ಈಗ ಸ್ವಲ್ಪ ಬದಲಾಗಿದೆ. ಓಕ್ ಆಲಿಯಲ್ಲಿ ಗುಲಾಮರ ಗುಡಿಸಲುಗಳನ್ನು ಮತ್ತೆ ಕಟ್ಟಿ ತೋರಿಸುತ್ತಾರೆ. ಹತ್ತಿರದ ವಿಟ್ನಿ ತೋಟ 2014ರಲ್ಲಿ ಗುಲಾಮರ ಬದುಕನ್ನೇ ಮುಖ್ಯವಾಗಿಸಿಕೊಂಡ ಮ್ಯೂಸಿಯಂ ಆಗಿ ತೆರೆಯಿತು. ಅಲ್ಲಿ ಲೂಯಿಸಿಯಾನಾದ ಒಂದು ಲಕ್ಷಕ್ಕೂ ಹೆಚ್ಚು ಗುಲಾಮರ ಹೆಸರುಗಳನ್ನು ಗ್ರಾನೈಟ್ ಕಲ್ಲಿನಲ್ಲಿ ಕೊರೆಸಿದ್ದಾರೆ. ಕ್ಯಾಮೆರಾ ಹಿಡಿದವರು ಅದರ ಮುಂದೆ ಎಲ್ಲಿಂದ ತೆಗೆಯಬೇಕೆಂದು ತೋಚದೆ ನಿಂತುಬಿಡುತ್ತಾರೆ.

ಹಾಗಾದರೆ ಓಕ್ ಸಾಲಿನ ಚಿತ್ರ ತೆಗೆಯಬಾರದೆ? ಖಂಡಿತ ತೆಗೆಯಬೇಕು. ಬೆಳಕಿನದು ತಪ್ಪಿಲ್ಲ, ಮರದ್ದೂ ತಪ್ಪಿಲ್ಲ. ಆದರೆ ಚೌಕಟ್ಟು ಎಂದರೆ ಇಷ್ಟನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಬಿಡುವುದು. ಬಿಟ್ಟದ್ದೇನು ಎಂಬುದು ತೆಗೆದವನಿಗೆ ತಿಳಿದಿರಬೇಕು. ಮಕ್ಕಳ ಕೈಗೆ ಕ್ಯಾಮೆರಾವೋ ಫೋನೋ ಕೊಡುವ ತಂದೆತಾಯಿಗಳು ಚಿತ್ರ ಚೆನ್ನಾಗಿದೆ ಎಂದ ಮೇಲೆ ಎರಡು ಪ್ರಶ್ನೆ ಕೇಳಬಹುದು: ಇದನ್ನು ಕಟ್ಟಿದವರು ಯಾರು? ಈ ಮನೆಯ ಹಿತ್ತಿಲಲ್ಲಿ ಏನಿದೆ? ಉತ್ತರ ಗೊತ್ತಿಲ್ಲದಿದ್ದರೆ ಮಗು ಹಿತ್ತಿಲಿಗೂ ಒಮ್ಮೆ ನಡೆದು ಬರಲಿ.