ಜಂತರ್ ಮಂತರ್‌ನಲ್ಲಿ ಸಿಕ್ಕ ಲಘುಕೋನ

ಜೈಪುರಕ್ಕೆ ಹೊರಡುವ ಹಿಂದಿನ ವಾರ ಐದನೇ ಕ್ಲಾಸಿನ ಮಗಳ ಗಣಿತದ ಟೆಸ್ಟ್ ಪೇಪರ್ ಬಂದಿತ್ತು. ಎರಡು ಕೋನಗಳ ಚಿತ್ರ ಕೊಟ್ಟು, ಯಾವುದು ದೊಡ್ಡದು ಅಂತ ಕೇಳಿದ್ದರು. ಗೆರೆ ಉದ್ದ ಇದ್ದ ಕೋನಕ್ಕೆ ಇವಳು ಟಿಕ್ ಹಾಕಿದ್ದಳು. ತಪ್ಪು. ‘ಇಷ್ಟೂ ಗೊತ್ತಾಗಲ್ವಾ?’ ಅಂತ ನಾನು ರೇಗಿಬಿಟ್ಟೆ. ಅವತ್ತಿನಿಂದ ಕೋನ ಅಂದರೆ ಸಾಕು, ಮುಖ ಸಣ್ಣಗಾಗುತ್ತಿತ್ತು.

ಸವಾಯಿ ಜೈಸಿಂಗ್ ಮಹಾರಾಜ 18ನೇ ಶತಮಾನದಲ್ಲಿ ಕಟ್ಟಿಸಿದ ಜಂತರ್ ಮಂತರ್, ಹವಾ ಮಹಲ್‌ನಿಂದ ನಡೆದೇ ಹೋಗುವಷ್ಟು ಹತ್ತಿರ. 2010ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ವೀಕ್ಷಣಾಲಯವಿದು. ಇಲ್ಲಿ ತ್ರಿಕೋನದ ಗೋಡೆಯಿರುವ ಎರಡು ನೆರಳು ಗಡಿಯಾರಗಳಿವೆ: ಲಘು ಸಮ್ರಾಟ್ ಯಂತ್ರ ಮತ್ತು ಬೃಹತ್ ಸಮ್ರಾಟ್ ಯಂತ್ರ.

‘ಅಮ್ಮಾ, ಇದು ಲಘು ಅಂದ್ರೆ ಲಘುಕೋನ, ಅದು ಬೃಹತ್ ಅಂದ್ರೆ ವಿಶಾಲಕೋನ, ಅಲ್ವಾ?’

ಈ ಸಲ ನಾನು ರೇಗಲಿಲ್ಲ. ನೋಟ್‌ಬುಕ್ಕಿನ ಹಾಳೆಯ ಒಂದು ಮೂಲೆಯನ್ನು ಮೂರು ಸಮಪಾಲಾಗಿ ಮಡಚಿಕೊಟ್ಟೆ. 90 ಡಿಗ್ರಿಯಲ್ಲಿ ಮೂರನೇ ಒಂದು ಪಾಲು, ಅಂದರೆ 30. ‘ಒಂದು ಕಣ್ಣು ಮುಚ್ಚಿ, ಪಕ್ಕದಿಂದ ಹಿಡಿದು ನೋಡು’ ಅಂದೆ. ಚಿಕ್ಕ ಗೋಡೆಯ ಇಳಿಜಾರು ಹಾಳೆಗಿಂತ ಸ್ವಲ್ಪ ಕೆಳಗಿತ್ತು. ದೊಡ್ಡದರ ಎತ್ತರ ಸುಮಾರು 27 ಮೀಟರ್. ನೋಡಲು ಬಹಳ ಹಿಂದೆ ಸರಿಯಬೇಕಾಯಿತು. ಅಲ್ಲೂ ಅಷ್ಟೇ, ಸ್ವಲ್ಪ ಕೆಳಗೆ! ಅವಳು ಎರಡು ಸಲ ಓಡಾಡಿ ಮತ್ತೆ ನೋಡಿದಳು.

‘ಗೋಡೆ ಮಾತ್ರ ದೊಡ್ಡದು ಅಮ್ಮಾ, ಕೋನ ಒಂದೇ!’

ಎರಡೂ 27 ಡಿಗ್ರಿಯ ಲಘುಕೋನಗಳೇ. ಜೈಪುರದ ಅಕ್ಷಾಂಶ ಸುಮಾರು 27 ಡಿಗ್ರಿ. ಇಳಿಜಾರು ಧ್ರುವನಕ್ಷತ್ರದ ಕಡೆಗೆ ಮುಖ ಮಾಡಬೇಕಾದರೆ ಅದೇ ಕೋನ ಬೇಕು. ದೊಡ್ಡದಾಗಿ ಕಟ್ಟಿದ್ದರ ಲಾಭ ಬೇರೆ: ನೆರಳು ಹೆಚ್ಚು ದೂರ ಸರಿಯುವುದರಿಂದ 2 ಸೆಕೆಂಡಿನಷ್ಟು ಸೂಕ್ಷ್ಮವಾಗಿ ಹೊತ್ತು ಹೇಳಬಹುದು.

ಆಮೇಲೆ ಅವಳನ್ನು ಹಿಡಿಯೋರೇ ಇಲ್ಲ. ನೆಟ್ಟಗೆ ನಿಂತ ಗೋಡೆ ನೆಲಕ್ಕೆ ಸೇರುವಲ್ಲಿ ಲಂಬಕೋನ ಕಂಡಳು. ಇಳಿಜಾರಿನ ಬುಡದಲ್ಲಿ ಹೊರಗಡೆ ನಿಂತು, 180ರಲ್ಲಿ 27 ಕಳೆದು, ‘153, ಇದು ವಿಶಾಲಕೋನ’ ಅಂದಳು.

‘ನಮ್ಮ ಬೆಂಗಳೂರಲ್ಲಿ ಕಟ್ಟಿದ್ರೆ?’

‘ಸುಮಾರು 13 ಡಿಗ್ರಿ’ ಅಂದೆ.

‘ಹಾಗಾದ್ರೆ ಇನ್ನೂ ಮಲಗಿಕೊಂಡಿರುತ್ತೆ’ ಅಂತ ಅಂಗೈ ಬಾಗಿಸಿ ತೋರಿಸಿದಳು.

ಟೆಸ್ಟ್‌ನಲ್ಲಿ ಆ ಉತ್ತರ ಯಾಕೆ ಬರೆದೆ ಅಂತ ನಾನು ಕೇಳಿಯೇ ಇರಲಿಲ್ಲ. ಕೇಳಿದ್ದರೆ ಮನೆಯಲ್ಲೇ ಹಾಳೆ ಮಡಚಬಹುದಿತ್ತು. ನೀವು ಜೈಪುರಕ್ಕೆ ಹೋದರೆ ಬಿಸಿಲೇರುವ ಮೊದಲೇ ಜಂತರ್ ಮಂತರ್ ನೋಡಿ. ಮಕ್ಕಳ ಕೈಗೊಂದು ಹಾಳೆ ಕೊಡಿ.