ಮುಖ ಸಿಂಡರಿಸಬೇಡಿ
ಒಬ್ಬರ ಮಲ ಇನ್ನೊಬ್ಬರಿಗೆ ಔಷಧಿ ಅಂದ್ರೆ ಮುಖ ಸಿಂಡರಿಸುವವರೇ ಹೆಚ್ಚು. ಆದರೆ ಇದು ನನ್ನನ್ನು ಬಹಳ ಬೆರಗುಗೊಳಿಸಿದ ಚಿಕಿತ್ಸೆ. ಆಂಟಿಬಯೋಟಿಕ್ ನುಂಗಿದಾಗ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಆ ಜಾಗದಲ್ಲಿ ಸಿ. ಡಿಫಿಸೀಲ್ ಎಂಬ ಬ್ಯಾಕ್ಟೀರಿಯಾ ಬೇರೂರಿದರೆ ಭೇದಿ ನಿಲ್ಲುವುದೇ ಇಲ್ಲ, ವಯಸ್ಸಾದವರ ಜೀವಕ್ಕೇ ಕುತ್ತು. ಔಷಧಿ ಕೊಟ್ಟರೆ ಇಳಿಯುತ್ತದೆ, ಬಿಟ್ಟರೆ ಎಷ್ಟೋ ಜನರಿಗೆ ಮತ್ತೆ ಬರುತ್ತದೆ.

ಆಮ್‌ಸ್ಟರ್‌ಡ್ಯಾಮ್‌ನ ವೈದ್ಯರು ಇಂಥವರಿಗೆ ಆರೋಗ್ಯವಂತರ ಮಲವನ್ನು ಉಪ್ಪುನೀರಲ್ಲಿ ಕದಡಿ, ಸೋಸಿ, ಮೂಗಿನಿಂದ ಇಳಿಸಿದ ಕೊಳವೆಯಲ್ಲಿ ಸಣ್ಣ ಕರುಳಿಗೆ ಬಿಟ್ಟರು. 16 ಜನರಲ್ಲಿ 13 ಮಂದಿ ಒಂದೇ ಸಲಕ್ಕೆ ಗುಣವಾದರು! ಬರೀ ವ್ಯಾಂಕೊಮೈಸಿನ್ ಎಂಬ ಆಂಟಿಬಯೋಟಿಕ್ ಪಡೆದ 13 ಜನರಲ್ಲಿ ಗುಣವಾದವರು 4 ಮಂದಿ. ವ್ಯತ್ಯಾಸ ಎಷ್ಟು ಸ್ಪಷ್ಟವಿತ್ತೆಂದರೆ ಪ್ರಯೋಗವನ್ನು ನಡುವಲ್ಲೇ ನಿಲ್ಲಿಸಿದರು. ಇದು 2013ರಲ್ಲಿ ಪ್ರಕಟವಾದ ಫಲಿತಾಂಶ.

ದಾನಿಗಳ ಮಲದಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾಗಳ ಕ್ಯಾಪ್ಸೂಲ್‌ಗೆ 2023ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ರೋಗ ಮರುಕಳಿಸದಂತೆ ತಡೆಯಲು ಅದನ್ನು ಮೂರು ದಿನ, ದಿನಕ್ಕೆ ನಾಲ್ಕರಂತೆ ನುಂಗಬೇಕು.

ಈ ರೋಗಕ್ಕೆ ದಾರಿ ಮಾಡಿಕೊಡುವುದು ಆಂಟಿಬಯೋಟಿಕ್ ಆದ್ದರಿಂದ, ಸಣ್ಣ ನೆಗಡಿಗೂ ಮೆಡಿಕಲ್ ಶಾಪ್‌ನಲ್ಲಿ ಕೇಳಿ ಆಂಟಿಬಯೋಟಿಕ್ ತಗೊಳ್ಳುವವರು ದಯವಿಟ್ಟು ನಿಲ್ಲಿಸಿ. ಡಾಕ್ಟರು ಬರೆದುಕೊಟ್ಟರೆ ಮಾತ್ರ ತಗೊಳ್ಳಿ.